ಇಳಿಸಿದ ಬೆಲೆ ಬಿಲ್ಲಿನಲ್ಲೇ ಕಾಣಲಿ

ಜಾಹೀರಾತಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ನಡುವಿನ ಹಣವನ್ನು ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆ ಎಂಬ ಭರವಸೆ. ಅಮೆರಿಕದ ಅಂಗಡಿಗಳಲ್ಲಿ ದಶಕಗಳಿಂದ ನಡೆದುಕೊಂಡು ಬಂದಿರುವ ‘ಮೇಲ್-ಇನ್ ರಿಬೇಟ್’ ವ್ಯವಹಾರ ಇದು. ಗ್ರಾಹಕರಿಗೆ ಹಣ ಉಳಿಸಿಕೊಡುವ ಯೋಜನೆ ಎಂದು ಕಂಪನಿಗಳು ಇದನ್ನು ಹೊಗಳಿಕೊಂಡಿವೆ. ನಮ್ಮ ಅಭಿಪ್ರಾಯ ಬೇರೆ. ಕೊಂಡವರು ಮರೆಯುತ್ತಾರೆ, ಎಡವುತ್ತಾರೆ, ಬೇಸತ್ತು ಕೈಬಿಡುತ್ತಾರೆ ಎಂಬ ಲೆಕ್ಕಾಚಾರದ ಮೇಲೆ ನಿಂತ ರಿಯಾಯಿತಿ ರಿಯಾಯಿತಿಯೇ ಅಲ್ಲ, ಅದು ಸುಳ್ಳು ಬೆಲೆ. ಅಂಥ ಬೆಲೆಯನ್ನು ಸಾರಿ ಹೇಳಲು ಯಾವ ದೇಶದ ಕಾನೂನೂ ಅವಕಾಶ ಕೊಡಬಾರದು.

ಈ ಹಣ ವಾಪಸ್ ಪಡೆಯಲು ಗ್ರಾಹಕ ಪಡುವ ಪಾಡನ್ನು ಹತ್ತಿರದಿಂದ ನೋಡಬೇಕು. ನೂರು ಡಾಲರಿನ ಹಾರ್ಡ್‌ಡಿಸ್ಕ್ ಒಂದಕ್ಕೆ ‘ರಿಬೇಟ್ ಕಳೆದು 60 ಡಾಲರ್’ ಎಂದು ದಪ್ಪಕ್ಷರದಲ್ಲಿ ಬರೆದಿದೆ ಎಂದಿಟ್ಟುಕೊಳ್ಳಿ. ಕೌಂಟರಿನಲ್ಲಿ ಕೊಡಬೇಕಾದದ್ದು ಪೂರಾ ನೂರು. ಬಹುತೇಕ ರಾಜ್ಯಗಳಲ್ಲಿ ಮಾರಾಟ ತೆರಿಗೆಯೂ ಆ ನೂರರ ಮೇಲೆಯೇ ಬೀಳುತ್ತದೆ. ಮನೆಗೆ ಬಂದ ಮೇಲೆ ರಟ್ಟಿನ ಡಬ್ಬದ ಮೇಲಿರುವ ಬಾರ್‌ಕೋಡನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು. ನಕಲು ನಡೆಯದು, ಅಸಲೇ ಬೇಕು. ಡಬ್ಬದ ಮೇಲೆ ಅಂಥ ಎರಡು ಮೂರು ಪಟ್ಟಿಗಳಿರುವುದುಂಟು. ಬೆಲೆಯ ಪಟ್ಟಿಯ ಬದಲು ಸೀರಿಯಲ್ ನಂಬರಿನ ಪಟ್ಟಿ ಕತ್ತರಿಸಿ ಕಳಿಸಿದರೆ ಅರ್ಜಿ ತಿರಸ್ಕೃತ. ಸರಿಯಾದದ್ದನ್ನೇ ಕತ್ತರಿಸಿದ ಮೇಲೆ ಹಾರ್ಡ್‌ಡಿಸ್ಕ್ ಕೆಟ್ಟಿದೆ ಎಂದು ಗೊತ್ತಾದರೆ? ಡಬ್ಬಕ್ಕೆ ಕತ್ತರಿ ಬಿದ್ದಿದೆ ಎಂಬ ಕಾರಣಕ್ಕೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲು ಒಪ್ಪುವುದಿಲ್ಲ. ಅಂದರೆ ರಿಬೇಟ್ ಕೇಳುವುದಕ್ಕೆ ಮೊದಲೇ ಗ್ರಾಹಕ ಇನ್ನೊಂದು ಹಕ್ಕನ್ನು ಬಿಟ್ಟುಕೊಟ್ಟಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ರಸೀದಿಯಲ್ಲಿ ಆ ಸಾಮಾನಿನ ಹೆಸರು, ಬೆಲೆ, ತಾರೀಖುಗಳ ಸುತ್ತ ಪೆನ್ನಿನಿಂದ ಗುರುತು ಹಾಕಬೇಕು. ಫಾರಂನ ಪುಟ್ಟ ಚೌಕಗಳಲ್ಲಿ ಒಂದೊಂದೇ ಅಕ್ಷರವಾಗಿ ಹೆಸರು, ವಿಳಾಸ ತುಂಬಬೇಕು. ತಯಾರಕರದೊಂದು, ಅಂಗಡಿಯದೊಂದು ಎಂದು ಒಂದೇ ಸಾಮಾನಿಗೆ ಎರಡು ರಿಬೇಟ್ ಇದ್ದರೆ ಎರಡು ಫಾರಂ, ಎರಡು ವಿಳಾಸ. ಕೊಂಡ ಇಂತಿಷ್ಟು ದಿನಗಳೊಳಗೆ ಲಕೋಟೆಯ ಮೇಲೆ ಅಂಚೆ ಮುದ್ರೆ ಬೀಳಬೇಕು. ಒಂದು ಮನೆಗೆ ಒಂದೇ ರಿಬೇಟ್ ಎಂಬ ಷರತ್ತಿದ್ದರೆ, ಒಂದೇ ಬಾಡಿಗೆ ಮನೆಯಲ್ಲಿರುವ ನಾಲ್ವರು ವಿದ್ಯಾರ್ಥಿಗಳಲ್ಲಿ ಮೂವರ ಅರ್ಜಿ ಕಸದ ಬುಟ್ಟಿಗೆ. ಇಷ್ಟೆಲ್ಲ ಸರಿಹೋದರೂ ಕಾಯುವುದು ಎಂಟು ವಾರವೋ ಹನ್ನೆರಡು ವಾರವೋ. ಕೊನೆಗೆ ಬರುವ ಚೆಕ್ಕು ಅನೇಕ ಸಲ ಪೋಸ್ಟ್‌ಕಾರ್ಡಿನ ರೂಪದಲ್ಲಿರುತ್ತದೆ. ದಿನಾಲೂ ಬಂದು ಬೀಳುವ ಜಾಹೀರಾತು ಕಾಗದಗಳ ನಡುವೆ ಕಣ್ಣಿಗೇ ಬೀಳುವುದಿಲ್ಲ. ಕಂಡರೂ ಅದರ ಅವಧಿ ಸಾಮಾನ್ಯವಾಗಿ ತೊಂಬತ್ತು ದಿನ. ಆಮೇಲೆ ಅದು ಬರೀ ಕಾಗದ.

ಇಲ್ಲಿನ ಒಂದೊಂದು ಷರತ್ತಿಗೂ ಕಂಪನಿಗಳು ಕಾರಣ ಕೊಡಬಲ್ಲವು. ಅಸಲು ಬಾರ್‌ಕೋಡ್ ಕೇಳುವುದು ವಂಚನೆ ತಡೆಯಲಿಕ್ಕೆ, ಗಡುವು ಹಾಕುವುದು ಲೆಕ್ಕ ಮುಗಿಸಲಿಕ್ಕೆ ಎನ್ನಬಹುದು. ಬಿಡಿಬಿಡಿಯಾಗಿ ನೋಡಿದರೆ ಒಪ್ಪಬಹುದಾದ ಮಾತುಗಳೇ. ಆದರೆ ಎಲ್ಲ ಷರತ್ತುಗಳೂ ಒಂದೇ ದಿಕ್ಕಿಗೆ ವಾಲುತ್ತವೆ. ಗ್ರಾಹಕ ಒಂದು ದಿನ ತಡಮಾಡಿದರೆ ಹಣ ಹೋಯಿತು. ಕಂಪನಿ ಮೂರು ತಿಂಗಳು ತಡಮಾಡಿದರೆ ಅದಕ್ಕೆ ಬಡ್ಡಿಯಿಲ್ಲ, ದಂಡವಿಲ್ಲ, ಒಂದು ಕ್ಷಮೆಯ ಪತ್ರವೂ ಇಲ್ಲ. ನ್ಯಾಯವಾದ ಕರಾರಿನ ಲಕ್ಷಣ ಇದಲ್ಲ.

ಈ ಅರ್ಜಿಗಳನ್ನು ಪರಿಶೀಲಿಸುವುದು ಸಾಮಾನು ತಯಾರಿಸಿದ ಕಂಪನಿಯೂ ಅಲ್ಲ, ಮಾರಿದ ಅಂಗಡಿಯೂ ಅಲ್ಲ. ಅದಕ್ಕೆಂದೇ ಗುತ್ತಿಗೆ ಸಂಸ್ಥೆಗಳಿವೆ. ಮಿನೆಸೋಟ ರಾಜ್ಯದ ಒಂದು ಸಣ್ಣ ಊರಿನಿಂದ ಹೆಸರು ಪಡೆದ ‘ಯಂಗ್ ಅಮೆರಿಕ’ ಕಂಪನಿಯ ಅಂಚೆಪೆಟ್ಟಿಗೆ ವಿಳಾಸ ಅಮೆರಿಕದ ಅಸಂಖ್ಯ ಮನೆಗಳಿಗೆ ಪರಿಚಿತವಾಗಿತ್ತು. ಹಣ ಬರಲಿಲ್ಲವೆಂದು ಅಂಗಡಿಯನ್ನು ಕೇಳಿದರೆ ತಯಾರಕರನ್ನು ಕೇಳಿ ಎನ್ನುತ್ತಾರೆ. ತಯಾರಕರು ಗುತ್ತಿಗೆ ಸಂಸ್ಥೆಯ ಫೋನ್ ನಂಬರು ಕೊಡುತ್ತಾರೆ. ಅಲ್ಲಿರುವವರು ತಮ್ಮ ಮುಂದಿನ ಪರದೆ ನೋಡಿ, ನಿಮ್ಮ ಲಕೋಟೆ ನಮಗೆ ತಲುಪಿಲ್ಲ ಎನ್ನುತ್ತಾರೆ. ಅಸಲು ಬಾರ್‌ಕೋಡ್ ಆಗಲೇ ಕೈಬಿಟ್ಟಿದೆ; ಮತ್ತೆ ಕಳಿಸಲು ಗ್ರಾಹಕನ ಬಳಿ ಏನೂ ಉಳಿದಿಲ್ಲ.

ಈ ಉದ್ಯಮದಲ್ಲಿ ‘ಬ್ರೇಕೇಜ್’ ಎಂಬ ಮಾತು ಬಳಕೆಯಲ್ಲಿದೆ. ಘೋಷಿಸಿದ ರಿಬೇಟಿನಲ್ಲಿ ಯಾರೂ ಬಂದು ಕೇಳದೆ ಕಂಪನಿಯಲ್ಲೇ ಉಳಿದುಬಿಡುವ ಪಾಲು ಅದು. ಅದು ಅಕಸ್ಮಾತ್ತಾಗಿ ಸಿಗುವ ಲಾಭವಲ್ಲ, ಮೊದಲೇ ಅಂದಾಜು ಮಾಡಿ ಆಯವ್ಯಯದಲ್ಲಿ ಸೇರಿಸಿಕೊಂಡ ಲಾಭ. ಟಿವಿ ಕಾರ್ಯಕ್ರಮಗಳನ್ನು ದಾಖಲಿಸಿಕೊಳ್ಳುವ ಪೆಟ್ಟಿಗೆ ಮಾರುತ್ತಿದ್ದ ಟಿವೊ ಕಂಪನಿಯ ಉದಾಹರಣೆ ಸಾಕು. 2005ರ ಏಪ್ರಿಲ್‌ಗೆ ಮುಗಿದ ತ್ರೈಮಾಸಿಕದಲ್ಲಿ ಸೇರಿದ ಸುಮಾರು 1,04,000 ಹೊಸ ಚಂದಾದಾರರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ನೂರು ಡಾಲರಿನ ರಿಬೇಟ್ ಪಡೆಯಲೇ ಇಲ್ಲ. ಕಂಪನಿಗೆ ಉಳಿದದ್ದು ಸುಮಾರು 50 ಲಕ್ಷ ಡಾಲರ್. ಆ ತ್ರೈಮಾಸಿಕದಲ್ಲಿ ಟಿವೊ ತೋರಿಸಿದ ನಷ್ಟ ಹತ್ತು ಲಕ್ಷ ಡಾಲರಿಗೂ ಕಡಿಮೆ. ಗ್ರಾಹಕರೆಲ್ಲ ತಮಗೆ ಹೇಳಿದ ಹಣವನ್ನು ಕೇಳಿ ಪಡೆದಿದ್ದರೆ ಆ ನಷ್ಟ ಎಷ್ಟು ಪಟ್ಟು ಆಗುತ್ತಿತ್ತು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಅದೇ ವರ್ಷ ‘ಬಿಸಿನೆಸ್‌ವೀಕ್’ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದಲ್ಲಿ ವರ್ಷಕ್ಕೆ 40 ಕೋಟಿಯಷ್ಟು ರಿಬೇಟ್‌ಗಳು ಘೋಷಣೆಯಾಗುತ್ತಿದ್ದವು, ಅವುಗಳ ಒಟ್ಟು ಮೊತ್ತ 600 ಕೋಟಿ ಡಾಲರ್, ಅದರಲ್ಲಿ ಶೇ 40ರಷ್ಟು ಯಾರ ಕೈಗೂ ಸೇರುತ್ತಿರಲಿಲ್ಲ.

ಮಾರುಕಟ್ಟೆ ವರ್ತನೆಯನ್ನು ಅಧ್ಯಯನ ಮಾಡುವ ಟಿಮ್ ಸಿಲ್ಕ್ ಎಂಬ ವಿದ್ವಾಂಸರು ಇದೇ ವಿಷಯದ ಮೇಲೆ ಪ್ರಯೋಗಗಳನ್ನು ನಡೆಸಿದ್ದಾರೆ. ಅರ್ಜಿ ಹಾಕಲು ಹೆಚ್ಚು ದಿನ ಕೊಟ್ಟರೆ ಜನರಿಗೆ ತಾವು ಖಂಡಿತ ಹಾಕುತ್ತೇವೆಂಬ ನಂಬಿಕೆ ಹೆಚ್ಚುತ್ತದೆ, ನಾಳೆ ನೋಡೋಣ ಎಂದು ಮುಂದೂಡುವುದೂ ಹೆಚ್ಚುತ್ತದೆ, ಕೊನೆಗೆ ಹಾಕದೆ ಉಳಿಯುವವರೂ ಹೆಚ್ಚುತ್ತಾರೆ ಎಂಬುದು ಅವರು ಕಂಡ ಸಂಗತಿ. ಗಡುವು ದೀರ್ಘವಾಗಿದ್ದರೆ ಅದು ಕಂಪನಿಯ ಔದಾರ್ಯ ಎಂದು ಭಾವಿಸುವವರು ಇದನ್ನು ಗಮನಿಸಬೇಕು.

ಕೆಲವು ಅರ್ಥಶಾಸ್ತ್ರಜ್ಞರು ಈ ಪದ್ಧತಿಯ ಪರ ವಾದಿಸುತ್ತಾರೆ. ಹಣದ ಅಗತ್ಯ ಇರುವವನು ಶ್ರಮಪಟ್ಟು ರಿಬೇಟ್ ಪಡೆಯುತ್ತಾನೆ, ಅಗತ್ಯವಿಲ್ಲದವನು ಪೂರ್ತಿ ಬೆಲೆ ತೆರುತ್ತಾನೆ, ಹೀಗೆ ಒಂದೇ ಸಾಮಾನು ಇಬ್ಬರಿಗೂ ಅವರವರ ಶಕ್ತಿಗೆ ತಕ್ಕ ಬೆಲೆಯಲ್ಲಿ ಸಿಗುತ್ತದೆ ಎಂಬುದು ಆ ವಾದ. ಪುಸ್ತಕದಲ್ಲಿ ಓದಲು ಚೆನ್ನಾಗಿದೆ. ಬದುಕಿನಲ್ಲಿ ಹಾಗಿಲ್ಲ. ಎರಡು ಪಾಳಿ ದುಡಿದು ಬರುವ ಹೆಂಗಸಿಗೆ ಸಣ್ಣಕ್ಷರದ ಷರತ್ತು ಓದುವ ಪುರುಸೊತ್ತು ಎಲ್ಲಿದೆ? ಕಣ್ಣು ಮಂಜಾದ ವೃದ್ಧರು, ಇಂಗ್ಲಿಷ್ ಬಾರದ ವಲಸಿಗರು, ಫೋಟೊಕಾಪಿ ಯಂತ್ರವಿರುವ ಕಚೇರಿಯಲ್ಲಿ ಕೆಲಸ ಮಾಡದ ಕೂಲಿಕಾರರು, ಇವರೇ ಮೊದಲು ಹೊರಗುಳಿಯುವವರು. ಅಲ್ಲದೆ ರಿಬೇಟ್ ಬರುವವರೆಗೆ ಪೂರ್ತಿ ಬೆಲೆ ಕೈಯಿಂದ ಹಾಕುವ ಶಕ್ತಿ ಇರಬೇಕಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಮೂರು ತಿಂಗಳು ಬಡ್ಡಿ ಕಟ್ಟಿದವರಿಗೆ ಬಂದ ಚೆಕ್ಕಿನಲ್ಲಿ ಉಳಿಯುವುದೇನು?

ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಹೋದ ನಮ್ಮ ಎಂಜಿನಿಯರುಗಳಿಗೂ ವಿದ್ಯಾರ್ಥಿಗಳಿಗೂ ಈ ವ್ಯವಹಾರ ಚೆನ್ನಾಗಿ ಗೊತ್ತು. ಆಗ ಕಂಪ್ಯೂಟರ್ ಸಾಮಾನುಗಳ ಅಂಗಡಿಗಳಲ್ಲಿ ‘ರಿಬೇಟ್ ಕಳೆದು ಉಚಿತ’ ಎಂಬ ಚೀಟಿ ಎಲ್ಲೆಲ್ಲೂ ಇತ್ತು. ಹೊಸ ದೇಶದಲ್ಲಿ ಒಂದೊಂದು ಡಾಲರನ್ನೂ ಎಣಿಸಿ ಖರ್ಚು ಮಾಡುತ್ತಿದ್ದ ಹುಡುಗರು ಆ ಚೀಟಿ ನಂಬಿ ಕೊಂಡರು. ಆದರೆ ಪ್ರಾಜೆಕ್ಟು ಮುಗಿದರೆ ಊರು ಬದಲಾಗುವ ಬದುಕು ಅವರದು. ನ್ಯೂಜೆರ್ಸಿಯ ವಿಳಾಸ ಬರೆದು ಕಳಿಸಿದವನು ಚೆಕ್ಕು ಬರುವ ಹೊತ್ತಿಗೆ ಟೆಕ್ಸಾಸಿನಲ್ಲಿರುತ್ತಿದ್ದ.

ಇನ್ನು ಮಾತು ಕೊಟ್ಟು ಕೈಕೊಟ್ಟವರ ಕಥೆ. ‘ಸೈಬರ್‌ರಿಬೇಟ್’ ಎಂಬ ಜಾಲತಾಣ ಸಾಮಾನುಗಳನ್ನು ಮಾಮೂಲಿಗಿಂತ ಹಲವು ಪಟ್ಟು ಬೆಲೆಗೆ ಮಾರಿ, ಅನೇಕ ಸಾಮಾನುಗಳ ಪೂರ್ತಿ ಹಣವನ್ನೇ ರಿಬೇಟಾಗಿ ಹಿಂದಿರುಗಿಸುವುದಾಗಿ ಹೇಳಿ 2001ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. ಕೋಟಿಗಟ್ಟಲೆ ಡಾಲರ್ ರಿಬೇಟ್ ಬಾಕಿಯಿದ್ದ ಗ್ರಾಹಕರು ಸಾಲ ಕೊಟ್ಟವರ ಸಾಲಿನಲ್ಲಿ ಕೊನೆಗೆ ನಿಂತರು. ಮೊಬೈಲ್ ಫೋನುಗಳನ್ನು ಮಾರುತ್ತಿದ್ದ ಇನ್‌ಫೋನಿಕ್ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2007ರಲ್ಲಿ ಕ್ರಮ ಕೈಗೊಂಡಿತು. ಫೋನ್ ಕೊಂಡು ತಿಂಗಳುಗಟ್ಟಲೆ ಕಾದ ಮೇಲಷ್ಟೇ ಅರ್ಜಿ ಹಾಕಬೇಕೆಂಬ ಷರತ್ತನ್ನು ಕೊಳ್ಳುವಾಗ ಸರಿಯಾಗಿ ತಿಳಿಸಿರಲಿಲ್ಲ ಎಂಬುದು ಆರೋಪಗಳಲ್ಲೊಂದು. ಅದೇ ವರ್ಷದ ನವೆಂಬರಿನಲ್ಲಿ ಆ ಕಂಪನಿಯೂ ದಿವಾಳಿ ಅರ್ಜಿ ಹಾಕಿತು. ಕಂಪ್‌ಯುಎಸ್ಎ ಮಳಿಗೆಗಳ ಪ್ರಕರಣ ಇವೆಲ್ಲಕ್ಕಿಂತ ಮುಖ್ಯ. ಕ್ಯೂಪಿಎಸ್ ಎಂಬ ತಯಾರಕರು ರಿಬೇಟ್ ಕೊಡುತ್ತಿಲ್ಲವೆಂದು ಗೊತ್ತಿದ್ದೂ ಆ ರಿಬೇಟಿನ ಜಾಹೀರಾತನ್ನು ಮುಂದುವರಿಸಿದ್ದಕ್ಕೆ ಕಮಿಷನ್ 2005ರಲ್ಲಿ ಮಳಿಗೆಯನ್ನೇ ಹೊಣೆ ಮಾಡಿತು. ಅದು ತಯಾರಕರ ವಿಷಯ, ನಮಗೆ ಸಂಬಂಧವಿಲ್ಲ ಎಂದು ಅಂಗಡಿ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಗ್ರಾಹಕರ ಸಿಟ್ಟು ಎಷ್ಟಿತ್ತೆಂದರೆ ಬೆಸ್ಟ್ ಬೈ ಮಳಿಗೆಗಳು 2005ರಲ್ಲಿ ಮೇಲ್-ಇನ್ ರಿಬೇಟನ್ನು ಹಂತ ಹಂತವಾಗಿ ಕೈಬಿಡುವುದಾಗಿ ಘೋಷಿಸಿದವು. ಆಫೀಸ್‌ಮ್ಯಾಕ್ಸ್ ಮರುವರ್ಷ ಅದೇ ದಾರಿ ಹಿಡಿಯಿತು. ಆದರೆ ಪದ್ಧತಿ ಸಾಯಲಿಲ್ಲ, ವೇಷ ಬದಲಿಸಿತು. ಕಾರಿನ ಟೈರು, ಕಣ್ಣಿಗೆ ಹಾಕುವ ಕಾಂಟ್ಯಾಕ್ಟ್ ಲೆನ್ಸ್‌ಗಳ ಮೇಲೆ ಈಗಲೂ ರಿಬೇಟ್ ಉಂಟು. ಲಕೋಟೆಯ ಬದಲು ಜಾಲತಾಣದಲ್ಲಿ ರಸೀದಿಯ ಫೋಟೊ ಹಾಕಬೇಕು, ಚೆಕ್ಕಿನ ಬದಲು ಪ್ರೀಪೇಯ್ಡ್ ಕಾರ್ಡು ಬರುತ್ತದೆ. ಕಾರ್ಡಿನಲ್ಲಿ ಮೂರು ಡಾಲರೋ ನಾಲ್ಕು ಡಾಲರೋ ಉಳಿದರೆ ಅದನ್ನು ಯಾವ ಅಂಗಡಿಯಲ್ಲಿ ಖರ್ಚು ಮಾಡುವುದು? ಅದು ಅಲ್ಲಿಯೇ ಅವಧಿ ಮೀರುತ್ತದೆ. 2009ರ ಕ್ರೆಡಿಟ್ ಕಾರ್ಡ್ ಕಾಯ್ದೆಯು ದುಡ್ಡು ಕೊಟ್ಟು ಕೊಂಡ ಗಿಫ್ಟ್ ಕಾರ್ಡುಗಳಿಗೆ ಕನಿಷ್ಠ ಐದು ವರ್ಷದ ಆಯುಸ್ಸು ಕೊಟ್ಟಿತು. ಪ್ರಚಾರಕ್ಕಾಗಿ ಕೊಡುವ ಕಾರ್ಡುಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ಗ್ರಾಹಕ ತನ್ನ ಜೇಬಿನಿಂದ ಹೆಚ್ಚುವರಿಯಾಗಿ ಕೊಟ್ಟು ಹಿಂದಕ್ಕೆ ಪಡೆಯುತ್ತಿರುವ ಹಣವನ್ನು ಕಾನೂನು ಕಂಪನಿಯ ಪ್ರಚಾರದ ಕಾಣಿಕೆ ಎಂದು ಪರಿಗಣಿಸುತ್ತಿದೆ. ಈ ಪದ್ಧತಿಯ ಅನ್ಯಾಯವೆಲ್ಲ ಆ ಒಂದು ವಿನಾಯಿತಿಯಲ್ಲಿ ಅಡಗಿದೆ.

ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ರಾಜ್ಯಗಳು ಮಾತ್ರ ಸರಿಯಾದ ಜಾಗಕ್ಕೆ ಕೈ ಹಾಕಿದವು. ರಿಬೇಟ್ ಕಳೆದ ಬೆಲೆಯನ್ನು ಜಾಹೀರಾತಿನಲ್ಲಿ ಹಾಕುವ ಅಂಗಡಿ ಆ ಬೆಲೆಗೇ ಕೌಂಟರಿನಲ್ಲಿ ಸಾಮಾನು ಕೊಡಬೇಕು ಎಂಬುದು ಅಲ್ಲಿನ ನಿಯಮದ ತಿರುಳು. ತಯಾರಕರಿಂದ ಹಣ ವಸೂಲು ಮಾಡುವ ತಾಪತ್ರಯ ಅಂಗಡಿಯದು.

ಇದು ನಮಗೆ ಹೊಸ ವಿಚಾರವೇನಲ್ಲ. ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಭಂಡಾರಕ್ಕೆ ಹೋಗಿ ಜುಬ್ಬದ ಬಟ್ಟೆ ಕೊಂಡವರಿಗೆಲ್ಲ ಇದರ ಅನುಭವವಿದೆ. ರಿಬೇಟನ್ನು ಬಿಲ್ಲಿನಲ್ಲಿಯೇ ಕಳೆದು, ಉಳಿದದ್ದನ್ನಷ್ಟೇ ಗಿರಾಕಿಯಿಂದ ತೆಗೆದುಕೊಳ್ಳುತ್ತಿದ್ದರು. ಆ ಹಣವನ್ನು ಸರ್ಕಾರದಿಂದ ಪಡೆಯಲು ಅರ್ಜಿ ಹಾಕುತ್ತಿದ್ದದ್ದು, ಬಾಕಿಗಾಗಿ ಅಲೆಯುತ್ತಿದ್ದದ್ದು ಖಾದಿ ಸಂಘಗಳು. ನೂಲುವವರ, ನೇಯುವವರ ಬಡ ಸಂಘಗಳೇ ಆ ಹೊರೆಯನ್ನು ಗಿರಾಕಿಯ ತಲೆಗೆ ಕಟ್ಟದೆ ತಾವು ಹೊತ್ತವು. ಸಾವಿರಾರು ಕೋಟಿ ವಹಿವಾಟಿನ ಕಂಪನಿಗಳಿಗೆ ಅದು ಆಗದ ಕೆಲಸ ಎಂದರೆ ನಂಬುವುದು ಹೇಗೆ?

ಅಮೆರಿಕದ ಈ ಕಾಯಿಲೆ ಈಗ ನಮ್ಮ ಅಂಗಡಿಗಳಿಗೂ ಕ್ಯಾಶ್‌ಬ್ಯಾಕ್ ಎಂಬ ಹೆಸರಿನಲ್ಲಿ ಬಂದಿದೆ. ದಸರೆ, ದೀಪಾವಳಿ ಮಾರಾಟದಲ್ಲಿ ಫ್ರಿಜ್ಜು, ವಾಷಿಂಗ್ ಮಷಿನ್ ಕೊಳ್ಳಲು ಹೋದರೆ ಫಲಕದ ಮೇಲೆ ಕ್ಯಾಶ್‌ಬ್ಯಾಕ್ ಕಳೆದ ಬೆಲೆ, ಬಿಲ್ಲಿನಲ್ಲಿ ಪೂರ್ತಿ ಬೆಲೆ. ಇಂಥದೇ ಬ್ಯಾಂಕಿನ ಕಾರ್ಡು, ಇಷ್ಟೇ ಕಂತು, ಒಂದು ಕಾರ್ಡಿಗೆ ಒಂದೇ ಸಲ, ತೊಂಬತ್ತು ದಿನದ ನಂತರ ಜಮೆ ಎಂಬ ಷರತ್ತುಗಳು ಚುಕ್ಕೆ ಗುರುತಿನ ಕೆಳಗೆ. ಜಮೆಯಾಗದಿದ್ದರೆ ಅಂಗಡಿಯವರು ಬ್ಯಾಂಕಿಗೆ, ಬ್ಯಾಂಕಿನವರು ಕಂಪನಿಗೆ ಬೊಟ್ಟು ಮಾಡುತ್ತಾರೆ. ಆ್ಯಪ್‌ಗಳಲ್ಲಂತೂ ಬರುವುದು ಹಣವೇ ಅಲ್ಲ, ಅಲ್ಲಿಯೇ ಖರ್ಚು ಮಾಡಬೇಕಾದ ಪಾಯಿಂಟುಗಳು, ನಾಣ್ಯಗಳು.

ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ರ‍್ಯಾಪಿಡೊ ಕಂಪನಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಆಗಸ್ಟಿನಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಿದ್ದು ಇಂಥ ಭರವಸೆಗೇ. ಐದು ನಿಮಿಷದಲ್ಲಿ ಆಟೊ ಸಿಗದಿದ್ದರೆ 50 ರೂಪಾಯಿ ಕೊಡುತ್ತೇವೆ ಎಂದು ಆ ಕಂಪನಿ ಹಲವು ಭಾಷೆಗಳಲ್ಲಿ, ನೂರಕ್ಕೂ ಹೆಚ್ಚು ನಗರಗಳಲ್ಲಿ ಜಾಹೀರಾತು ಮಾಡಿತ್ತು. ಪ್ರಯಾಣಿಕರಿಗೆ ಸಿಕ್ಕಿದ್ದು ರೂಪಾಯಿಯಲ್ಲ, ‘50ರವರೆಗೆ’ ರ‍್ಯಾಪಿಡೊ ನಾಣ್ಯಗಳು. ಅವನ್ನು ಬಳಸಬಹುದಾಗಿದ್ದು ಬೈಕ್ ಸವಾರಿಗೆ ಮಾತ್ರ, ಅದೂ ಏಳು ದಿನದೊಳಗೆ. ಹೇಳಿದ 50 ರೂಪಾಯಿ ಸಿಗದವರಿಗೆ ಆ ಹಣ ಹಿಂದಿರುಗಿಸಿ ಎಂದೂ ಪ್ರಾಧಿಕಾರ ಆದೇಶಿಸಿತು. ದಂಡಕ್ಕಿಂತ ಈ ಎರಡನೆಯ ಆದೇಶವನ್ನು ನಾವು ಹೆಚ್ಚು ಸ್ವಾಗತಿಸುತ್ತೇವೆ. ಹಾಗಿದ್ದರೂ ಅದು ಒಂದು ಕಂಪನಿಯ ಮೇಲಿನ ಒಂದು ಆದೇಶ ಮಾತ್ರ. ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ 2022ರ ಮಾರ್ಗಸೂಚಿ ಇದೆ, ಜಾಲತಾಣಗಳ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದ 2023ರ ಮಾರ್ಗಸೂಚಿಯೂ ಇದೆ. ಕ್ಯಾಶ್‌ಬ್ಯಾಕ್ ಕಳೆದ ಬೆಲೆಯನ್ನೇ ಬೆಲೆಯೆಂದು ತೋರಿಸುವುದನ್ನು ನೇರವಾಗಿ, ಹೆಸರು ಹಿಡಿದು ನಿಷೇಧಿಸುವ ನಿಯಮ ಬೇಕಾಗಿದೆ.

ತಾಂತ್ರಿಕ ತೊಂದರೆ ಎಂಬ ಸಬೂಬು ಇನ್ನು ನಡೆಯದು. ಅಡುಗೆ ಅನಿಲದ ಸಬ್ಸಿಡಿಯನ್ನು ಕೋಟ್ಯಂತರ ಮನೆಗಳ ಬ್ಯಾಂಕ್ ಖಾತೆಗೆ ಪ್ರತಿ ಸಿಲಿಂಡರಿಗೂ ಅರ್ಜಿ ಕೇಳದೆ ಜಮೆ ಮಾಡಿದ ದೇಶ ಇದು. ಆಧಾರ್ ಜೋಡಣೆಯ ಗೊಂದಲದಲ್ಲಿ ಕೆಲವರಿಗೆ ಹಣ ತಡವಾಯಿತು ನಿಜ, ಆದರೆ ಯಾರೂ ಸಿಲಿಂಡರಿನ ತುಂಡು ಕತ್ತರಿಸಿ ಕಳಿಸಬೇಕಾಗಿರಲಿಲ್ಲ. ಮಾರಾಟದ ಕ್ಷಣದಲ್ಲೇ ಗ್ರಾಹಕನ ಫೋನ್ ನಂಬರು, ಬಿಲ್ಲಿನ ಸಂಖ್ಯೆ, ಸಾಮಾನಿನ ಸೀರಿಯಲ್ ನಂಬರು ಮೂರನ್ನೂ ಪಡೆದುಕೊಳ್ಳುವ ಕಂಪನಿಗೆ ಮತ್ತೆ ಯಾವ ಪುರಾವೆ ಬೇಕು?

ಆದ್ದರಿಂದ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಗೆ ನಮ್ಮ ಒತ್ತಾಯ ನೇರವಾಗಿದೆ. ಬಿಲ್ಲಿನಲ್ಲಿ ಇಳಿಸದ ಮೊತ್ತವನ್ನು ಜಾಹೀರಾತಿನ ಬೆಲೆಯಲ್ಲಿ ಇಳಿಸಿ ತೋರಿಸುವುದು ದಾರಿತಪ್ಪಿಸುವ ಜಾಹೀರಾತು ಎಂದು ಅಧಿಸೂಚನೆ ಹೊರಡಿಸಬೇಕು. ಆಮೇಲೆ ಕೊಡುತ್ತೇವೆ ಎಂದ ಹಣ ಹಣವಾಗಿಯೇ ಬರಬೇಕು. ಅದು ತಡವಾದರೆ ಬಡ್ಡಿ ಸೇರಬೇಕು, ಮತ್ತು ಕೊಡುವ ಹೊಣೆ ಮಾರಿದ ಅಂಗಡಿಗೂ ತಯಾರಕರಿಗೂ ಜಂಟಿಯಾಗಿ ಇರಬೇಕು. ಯಾರೂ ಬಂದು ಕೇಳದ ಕ್ಯಾಶ್‌ಬ್ಯಾಕ್ ಹಣ ಕಂಪನಿಯ ಲಾಭಕ್ಕೆ ಸೇರಕೂಡದು. ಜಿಎಸ್‌ಟಿ ಇಳಿಕೆಯ ಪ್ರಯೋಜನವನ್ನು ಗ್ರಾಹಕರಿಗೆ ದಾಟಿಸದೆ ಉಳಿಸಿಕೊಂಡ ಕಂಪನಿಗಳಿಂದ ಆ ಹಣವನ್ನು ವಸೂಲು ಮಾಡಿ, ಕೊಂಡವರು ಯಾರೆಂದು ಗುರುತಿಸಲಾಗದ ಕಡೆ ಗ್ರಾಹಕ ಕಲ್ಯಾಣ ನಿಧಿಗೆ ಜಮೆ ಮಾಡಿಸುವ ಕ್ರಮ 2025ರ ಮಾರ್ಚ್‌ವರೆಗಿನ ದೂರುಗಳಿಗೆ ನಮ್ಮ ಕಾನೂನಿನಲ್ಲಿತ್ತು. ಅದೇ ಕ್ರಮ ಇಲ್ಲಿಗೂ ಅನ್ವಯವಾಗಲಿ. ಉಳಿಸಿಕೊಂಡರೆ ಲಾಭವಿಲ್ಲ ಎಂದಾದ ದಿನ ಷರತ್ತುಗಳ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

ಅಲ್ಲಿಯವರೆಗೆ ಓದುಗರು ಫಲಕದ ಬೆಲೆಯನ್ನು ಬಿಟ್ಟು, ಬಿಲ್ಲಿನ ಕೊನೆಯ ಸಾಲಿನಲ್ಲಿ ಬರುವ ಮೊತ್ತವನ್ನೇ ಬೆಲೆಯೆಂದು ತಿಳಿದು ಕೊಳ್ಳುವುದೋ ಬಿಡುವುದೋ ತೀರ್ಮಾನಿಸಬೇಕು. ಕ್ಯಾಶ್‌ಬ್ಯಾಕ್ ಎಷ್ಟು, ಯಾವಾಗ ಎಂಬುದನ್ನು ಅಂಗಡಿಯವರಿಂದ ಬಿಲ್ಲಿನ ಮೇಲೇ ಬರೆಸಿಕೊಳ್ಳಿ, ಜಾಹೀರಾತಿನ ಫೋಟೊ ತೆಗೆದಿಟ್ಟುಕೊಳ್ಳಿ. ಹೇಳಿದ ದಿನಕ್ಕೆ ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕೊಂಡ ಸಾಮಾನಿನ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದವರೆಗೆ ಅವಕಾಶವಿದೆ. ಮೊತ್ತ ಐನೂರು ರೂಪಾಯಿಯೇ ಆಗಿರಲಿ, ಬಿಡಬೇಡಿ.